ಸುಣ್ಣದಡಿಯ ಐದನೆಯ ಹೆಸರು

ಬೆಳಗಿನ ಆರು ಗಂಟೆ. ಅಂಕೋಲಾ ತಾಲೂಕಿನ ಸುಂಕದಗದ್ದೆ ಶಾಲೆಯೆದುರು ಬೊಮ್ಮಯ್ಯ ನಾಯಕರು ಎದೆಯೆತ್ತರದ ಕಲ್ಲೊಂದಕ್ಕೆ ರಾತ್ರಿಯಿಡೀ ಸುತ್ತಿಟ್ಟಿದ್ದ ಒದ್ದೆ ಗೋಣಿ ಬಿಚ್ಚುತ್ತಿದ್ದಾರೆ. ಮೆತ್ತಗಾದ ಸುಣ್ಣವನ್ನು ಬಿದಿರಿನ ಚಕ್ಕೆಯಿಂದ ಕೆರೆಯುತ್ತಾರೆ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಾರೆ, ನೀರು ಚಿಮುಕಿಸಿ ಮತ್ತೆ ಕೆರೆಯುತ್ತಾರೆ. "ಬಿಸ್ಲು ಏರಿದ್ರೆ ಗಟ್ಟಿಯಾಗ್ತದೆ. ಒಂಬತ್ತರ ಒಳಗೆ ಎಷ್ಟಾಯ್ತೋ ಅಷ್ಟೇಯ" ಎನ್ನುತ್ತಾರೆ. ಅಷ್ಟು ಎಂದರೆ ದಿನಕ್ಕೆ ಎರಡಕ್ಷರ. ಒತ್ತಕ್ಷರ ಸಿಕ್ಕಿದರೆ ಒಂದೇ.

ಇದು ಊರಿನ ಯುದ್ಧಸ್ಮಾರಕ. ಸೈನ್ಯಕ್ಕೆ ಸೇರಿ ಮಡಿದ ಊರಿನ ಮಕ್ಕಳ ಹೆಸರು ಕೆತ್ತಿಸಿ 1973ರಲ್ಲಿ ಊರವರೇ ನಿಲ್ಲಿಸಿದ್ದು. ಹಾಳು ಬಿಟ್ಟು ಹೆಸರು ಅಳಿಸಿಹೋಗಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು. ಇಲ್ಲಿ ಆದದ್ದೇ ಬೇರೆ. ಪ್ರತಿ ಆಗಸ್ಟ್ ಹದಿನಾಲ್ಕರಂದು ಊರವರು ಚಿಪ್ಪಿಸುಣ್ಣ ಕಲಸಿ ಭಕ್ತಿಯಿಂದ ಬಳಿದರು. ಐವತ್ತು ವರ್ಷ, ಐವತ್ತು ಪದರ. ಕಲ್ಲು ಬೆಳ್ಳಗಾಯಿತು, ಹೆಸರುಗಳು ಮುಳುಗಿದವು. ಮರುದಿನದ ಭಾಷಣವನ್ನು ನಾನೂ ಎರಡು ಸಲ ವರದಿ ಮಾಡಿದ್ದೇನೆ. ನನಗೂ ಅದು ಕಾಣಲಿಲ್ಲ.

ಸುಣ್ಣ ಬಳಿಯುವವರಲ್ಲಿ ಬೊಮ್ಮಯ್ಯನವರೇ ಮುಂದು. ಇಪ್ಪತ್ತೈದು ವರ್ಷ ಕದ್ರಾದ ವಿದ್ಯುದಾಗಾರದಲ್ಲಿ 'ಅಪಾಯ' ಎಂಬ ಫಲಕ ಬರೆದವರು, ಆ ಒಂದು ದಿನಕ್ಕೆಂದೇ ರಜೆ ಹಾಕಿ ಬರುತ್ತಿದ್ದರು. ಕಳೆದ ವರ್ಷ ಬಾಲ್ದಿ ಹಿಡಿದು ನಿಂತಾಗ ನೆರೆಮನೆಯ ಎಪ್ಪತ್ತೊಂಬತ್ತರ ಹೀರಕ್ಕ ಬಂದು ಕೇಳಿದರು, "ತಮಾ, ನಮ್ಮ ಅಣ್ಣನ ಹೆಸ್ರು ಯಾವ ಬದಿಗೆ ಅದ್ಯೋ?" ಬೊಮ್ಮಯ್ಯ ಬೆರಳೆತ್ತಿದರು. ತೋರಿಸಲಾಗಲಿಲ್ಲ. "ನನ್ನ ಕೈಯಾರೆ ಮುಚ್ಚಿದ್ನಲ್ಲ" ಎನ್ನುವಾಗ ಈಗಲೂ ಅವರು ತಲೆ ಎತ್ತುವುದಿಲ್ಲ.

ಅಷ್ಟರಲ್ಲಿ ಸ್ಮಾರಕ ಸಮಿತಿಯು ಹೊಸ ಗ್ರಾನೈಟ್ ಫಲಕ ಹಾಕಿಸಲು ಹೊರಟಿತ್ತು. ಸಮಿತಿಯ ಗುರುಪ್ರಸಾದ ಮಾಸ್ತರರು ಹಿರಿಯರನ್ನು ಕೇಳಿ, ಮನೆಮನೆಯ ಸೈನ್ಯದ ಕಾಗದಪತ್ರ ನೋಡಿ ಪಟ್ಟಿ ಮಾಡಿದರು. ಅದರಲ್ಲಿ ನಾಲ್ಕೇ ಹೆಸರು. ಎಪ್ಪತ್ತೊಂದರ ಯುದ್ಧಕ್ಕೆ ಹೋದ ಹೀರಕ್ಕನ ಅಣ್ಣ ಹಮ್ಮಣ್ಣನ ಹೆಸರಿಲ್ಲ. ಅವನ ಫೋಟೊ, ಸೈನ್ಯದ ಪತ್ರ ಎರಡೂ ಗಂಗಾವಳಿ ಹೊಳೆಯ ನೆರೆಯಲ್ಲಿ ಕೊಚ್ಚಿಹೋಗಿವೆ. "ಸೈನ್ಯಕ್ಕೆ ಬರ್ದು ಕೇಳಿದೆ, ಉತ್ತರ ಬರ್ಲಿಲ್ಲ. ಬಾಯಿಮಾತಿನ ಮೇಲೆ ಕೆತ್ಸೂದು ಹ್ಯಾಂಗೆ? ಹಳೇ ಕಲ್ಲಲ್ಲಿ ಇದ್ರೆ ಮಾತೇ ಇಲ್ಲ" ಎಂದರು ಮಾಸ್ತರರು. ಅವರ ಮಾತಿನಲ್ಲಿ ತಪ್ಪಿಲ್ಲ, ಕಷ್ಟ ಇರುವುದೇ ಅಲ್ಲಿ. ಫಲಕ ಕೆತ್ತಲು ಕೊಡುವುದಕ್ಕೆ ಮಾರ್ಚ್ ಕೊನೆಯ ಗಡುವು ಇಟ್ಟರು.

ಜನವರಿಯಿಂದ ಬೊಮ್ಮಯ್ಯನವರು ಕಲ್ಲಿನ ಮುಂದೆ ಕುಳಿತಿದ್ದಾರೆ. ಎರಡು ತಿಂಗಳಲ್ಲಿ ನಾಲ್ಕು ಹೆಸರು ಹೊರಬಂದಿವೆ, ನಾಲ್ಕೂ ಪಟ್ಟಿಯಲ್ಲಿದ್ದವೇ. ಉಳಿದಿರುವುದು ಬುಡದ ಸಾಲು. ಮಳೆನೀರು ಸಿಡಿದು ಅಲ್ಲಿ ಕಲ್ಲೇ ಚಕ್ಕೆಯೇಳುತ್ತಿದೆ. ಮಶೀನು ತರಿಸಿ ಎಂದವರಿದ್ದಾರೆ. "ಮಶೀನು ಸುಣ್ಣ ತೆಗೀತದೆ, ಅದ್ರ ಸಂಗ್ತಿ ಅಕ್ಷರನೂ ತೆಗೀತದೆ" ಎಂಬುದು ಇವರ ಉತ್ತರ.

ನೀವು ಅಕ್ಷರ ಬಲ್ಲವರು, ನೀವೇ ಕೆತ್ತಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಅರ್ಧ ತಮಾಷೆಗೆ ಕೇಳಿದೆ. ಅವರು ನಗಲಿಲ್ಲ. "ಹೀರಕ್ಕಂಗೆ ಗೊತ್ತಾಗೂದಿಲ್ಲ. ನಂಗೆ ಗೊತ್ತಿರ್ತದಲ್ಲ" ಎಂದರು. ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮಾರ್ಚ್ ಇಪ್ಪತ್ತಾರಕ್ಕೆ ಮತ್ತೆ ಹೋದೆ. ಬುಡದ ಸಾಲಿನಲ್ಲಿ ಹಮ್ಮಣ್ಣ ಎಂಬುದು ಪೂರ್ತಿ ಬಂದಿದೆ, ಅದರ ಮುಂದೆ 'ಬೀ'. ಆಚೆಗೆ ಕಲ್ಲಿಲ್ಲ. ಹೀರಕ್ಕ ನೆಲಕ್ಕೆ ಕುಳಿತು, ಕಣ್ಣು ಮಂಜಾದ್ದರಿಂದ ಬೆರಳಾಡಿಸಿ ಓದುತ್ತಾರೆ. "ಬೀರಣ್ಣ ಅಂದ್ರೆ ನಮ್ಮ ಅಪ್ಪ. ಅಷ್ಟ್ ಸಾಕು ತಮಾ" ಎನ್ನುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ, ಬೆರಳು ಮಾತ್ರ ತೆಗೆಯುವುದಿಲ್ಲ.

ಮಾಸ್ತರರು ಅಲ್ಲೇ ಪಟ್ಟಿ ತೆಗೆದು ಐದನೆಯ ಹೆಸರು ಬರೆದುಕೊಳ್ಳುತ್ತಾರೆ. ಫಲಕದ ಕೆಳಗೆ, ಹಳೆಯ ಕಲ್ಲನ್ನು ಉಳಿಸಿದವರೆಂದು ಬೊಮ್ಮಯ್ಯನವರ ಹೆಸರನ್ನೂ ಸಣ್ಣದಾಗಿ ಹಾಕಿಸೋಣ ಎನ್ನುತ್ತಾರೆ.

"ಬ್ಯಾಡ ಮಾಸ್ತರ್ರೇ" ಎಂದು ಬೊಮ್ಮಯ್ಯ ಬ್ರಶ್ಶು ತೊಳೆಯುತ್ತ ಹೇಳುತ್ತಾರೆ. "ಮುಚ್ಚಿದವ್ನೂ ನಾನೇ ಅಲ್ದಾ?"