ಸೌನಾದಲ್ಲಿ ಮಲಗಿದ ಗೇರ್‌ಬಾಕ್ಸು

ಶನಿವಾರದ ಬೆಳಗು. ಅಂಗಳದ ಒಣಹಿಮದ ಮೇಲೆ ಅಡುಗೆಮನೆಯ ಚಾಪೆಯನ್ನು ಬೋರಲು ಹಾಕಿ ಇರ್ಮೆಲಿ ರಿಂತಾಲುವೊಮಾ ಕೋಲಿನಿಂದ ಬಡಿಯುತ್ತಿದ್ದಾರೆ. ಒಂದು ಮುಗಿದಿದೆ, ಇನ್ನೂ ಮೂರು ಬಾಕಿ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಲ್ಲು ಅರೆದಂಥ ಗರಗರ ಸದ್ದು. ಇರ್ಮೆಲಿ ಕೋಲು ಕೆಳಗಿಡುತ್ತಾರೆ. ಕಾರು ಕಣ್ಣಿಗೆ ಬೀಳುವ ಮೊದಲೇ, "ಹೆನ್ನಾಳದ್ದು. ಎರಡನೇ ಗೇರಲ್ಲೇ ಸಿಕ್ಕೊಂಡಿದೆ" ಎನ್ನುತ್ತಾರೆ.

ಹೆನ್ನಾ ಈ ಅಲಾಯಾರ್ವಿ ಊರಿನ ಒಂಟಿಮನೆಗಳ ಮುದುಕರನ್ನು ನೋಡಿಕೊಳ್ಳುವ ದಾದಿ. ಆರು ವರ್ಷದ ಮಗಳು ವಿಯೆನಾಳ ಕೈ ಹಿಡಿದು ಇಳಿಯುತ್ತಾಳೆ.

"ಸೋಮವಾರ ಹನ್ನೊಂದು ಮನೆ, ಇರ್ಮೆಲಿ. ಆರು ಜನಕ್ಕೆ ಬೆಳಿಗ್ಗೆ ಏಳಕ್ಕೆಲ್ಲ ಇನ್ಸುಲಿನ್ ಶುರುಮಾಡ್ಬೇಕು. ಗ್ಯಾರೇಜಿನವರು ಗುರುವಾರ ಅಂತಾರೆ."

"ಗುರುವಾರದ ತನಕ ಸಕ್ಕರೆ ಕಾಯಿಲೆ ಕಾಯತ್ತಾ? ಹಿಮ್ಮುಖವಾಗಿ ಶೆಡ್ಡಿಗೆ ಬಿಡು."

"ಹಿಂದಕ್ಕೇ ಹೋಗ್ತಿಲ್ಲ."

"ಹಾಗಾದ್ರೆ ತಳ್ಳು!"

ಅರವತ್ತೊಂದು ವರ್ಷದ ಇರ್ಮೆಲಿ ವಾರದ ದಿನಗಳಲ್ಲಿ ಶಾಲೆಯ ಅಡುಗೆಯವರು. ಇನ್ನೂರನಲವತ್ತು ಮಕ್ಕಳಿಗೆ ಬೇಯಿಸುತ್ತಾರೆ. ಇಪ್ಪತ್ತೆಂಟು ವರ್ಷದ ಹಿಂದೆ ಹೆಣಿಗೆ ಕಾರ್ಖಾನೆ ಮುಚ್ಚಿ ಕೆಲಸ ಹೋದ ತಿಂಗಳೇ ಅವರ ಕಾರಿನ ಗೇರ್‌ಬಾಕ್ಸೂ ಕೆಟ್ಟಿತ್ತು. ಗ್ರಂಥಾಲಯದಿಂದ ತಂದ ಪುಸ್ತಕವನ್ನು ನೆಲದ ಮೇಲೆ ಹರವಿಕೊಂಡು ಬಿಚ್ಚಲು ಕುಳಿತರು. "ಒಂಬತ್ತು ದಿನ ಹಿಡೀತು. ಕೂರಿಸಿ ನೋಡ್ತೀನಿ, ಎರಡು ಬೋಲ್ಟು ಉಳಿದಿವೆ! ಅಳ್ತಾ ಅಳ್ತಾ ಮತ್ತೆ ಇಳಿಸಿದೆ." ಅಲ್ಲಿಂದ ಇಲ್ಲಿಗೆ ಅರವತ್ಮೂರು ಗೇರ್‌ಬಾಕ್ಸು. ಜ್ಯಾಕಿನಿಂದ ಜಾರಿದ ಒಂದು ಅವರ ಬಲಗೈ ಹೆಬ್ಬೆರಳನ್ನು ಜಜ್ಜಿದೆ. ಅದು ಈಗಲೂ ಪೂರ್ತಿ ಮಡಚುವುದಿಲ್ಲ.

ಮಧ್ಯಾಹ್ನದೊಳಗೆ ಹಳೆಯದು ಕೆಳಗಿಳಿದಿದೆ. ಗುಜರಿಯಿಂದ ಗಂಡ ತೈಸ್ತೊ ಇನ್ನೊಂದನ್ನು ತಂದಿದ್ದಾರೆ, ಮೂವತ್ತೆಂಟು ಕಿಲೋ. ಗುಜರಿಯ ಕವಚವನ್ನು ಇರ್ಮೆಲಿ ಹಾಗೇ ನಂಬುವವರಲ್ಲ. ಬಿಚ್ಚಿ, ಅಂಚಿನ ಹಳೇ ಅಂಟನ್ನು ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಹೊಸ ಅಂಟನ್ನು ಒಂದೇ ಎಳೆಯಾಗಿ ಎಳೆದು, ಮತ್ತೆ ಮುಚ್ಚಿ ಬೋಲ್ಟು ಬಿಗಿಯುತ್ತಾರೆ. "ಕಮ್ಮಿಯಾದ್ರೆ ಎಣ್ಣೆ ಸೋರತ್ತೆ. ಜಾಸ್ತಿಯಾದ್ರೆ ಒಳಗೆ ಹಿಂಡ್ಕೊಂಡು ಹೋಗಿ ತುಂಡಾಗಿ ಬೀಳತ್ತೆ. ಗಂಜಿಗೆ ಉಪ್ಪು ಹಾಕೋ ಕೈಗೆ ಇದೂ ಗೊತ್ತಾಗತ್ತೆ."

ಅಂಟು ಗಟ್ಟಿಯಾಗಲು ಬೆಚ್ಚಗಿರಬೇಕು. ಶೆಡ್ಡಿನಲ್ಲಿ ನೀರೇ ಹೆಪ್ಪುಗಟ್ಟಿದೆ. ಹಾಗಾಗಿ ಗೇರ್‌ಬಾಕ್ಸು ಅಂಗಳ ದಾಟಿ, ಹದವಾಗಿ ಕಾಯಿಸಿದ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಕೆಳಮೆಟ್ಟಿಲಿನಲ್ಲಿ ಟವೆಲ್ಲಿನ ಮೇಲೆ ಮಲಗುತ್ತದೆ. ಅದು ಇರ್ಮೆಲಿಯವರದೇ ಪದ್ಧತಿ.

ಆದರೆ ಶನಿವಾರ ಸಂಜೆ ಸೌನಾ ಬಿಟ್ಟವರು ಈ ಊರಲ್ಲಿಲ್ಲ. ಐದಾಗುತ್ತಲೇ ತೈಸ್ತೊ ಅವರ ಕಾಲು ತಾನೇ ಅತ್ತ ನಡೆದಿದೆ. ಒಲೆಗೆ ಸೌದೆ ತುರುಕಿ, ಕಲ್ಲು ಕಾದ ಮೇಲೆ ಮಬ್ಬುಗತ್ತಲಲ್ಲೇ ಮೂರು ಸೌಟು ನೀರು ಎರಚಿದ್ದಾರೆ. ಬುಸ್ಸೆಂದು ಎದ್ದ ಹಬೆ ತಿಳಿಯಾದಾಗ ಪಕ್ಕದಲ್ಲಿ ಗೇರ್‌ಬಾಕ್ಸು ಬೆವರುತ್ತಿದೆ.

"ಏ ಮುದುಕಾ! ಅದಕ್ಕೂ ಬೆನ್ನುಜ್ಜಿದ್ಯಾ?" ಬಾಗಿಲಲ್ಲಿ ಇರ್ಮೆಲಿ.

"ಮಾತಾಡ್ದೆ ಕೂತಿತ್ತು ಕಣೇ. ನೀನಲ್ಲ ಅಂತ ಆಗ್ಲೇ ಗೊತ್ತಾಗ್ಬೇಕಿತ್ತು."

ಒಳಗೆ ತೇವ ಸೇರಿದ ಕವಚವನ್ನು ಮುಚ್ಚಿಟ್ಟರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಇರ್ಮೆಲಿ ಹದಿನಾಲ್ಕು ಬೋಲ್ಟನ್ನೂ ಬಿಚ್ಚಿ, ಒರೆಸಿ, ಒಣಗಿಸಿ, ಮೊದಲಿನಿಂದ ಅಂಟು ಎಳೆಯುತ್ತಾರೆ. ಸೌನಾದ ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಭಾನುವಾರ ಸಂಜೆಯ ಹೊತ್ತಿಗೆ ಗೇರ್‌ಬಾಕ್ಸು ಕಾರಿನಡಿ ಕೂತಿದೆ, ಎಣ್ಣೆ ತುಂಬಿದೆ. ಕೆಳಗೊಂದು ದೊಡ್ಡ ರಟ್ಟು ಹಾಸಿದ್ದಾರೆ. ಬೆಳಗಿನೊಳಗೆ ಸೋರಿದರೆ ಅದೇ ಹೇಳುತ್ತದೆ. ಆ ಬಿಳಿ ರಟ್ಟಿನ ಮೇಲೆ ವಿಯೆನಾಳ ಕಣ್ಣು. ಏನೋ ಕೇಳಲು ಎರಡು ಸಲ ಬಾಯಿ ತೆರೆದು, ದೊಡ್ಡವರ ಮುಖ ನೋಡಿ ಸುಮ್ಮನಾಗಿದ್ದಾಳೆ.

ಸೋಮವಾರ ಬೆಳಿಗ್ಗೆ ಆರು. ಕೆಲಸ ಸರಿಹೋಯಿತೇ ಎಂದು ಮಾಡಿದವರನ್ನೇ ಕೇಳುವುದು ಇಲ್ಲಿ ಮರ್ಯಾದೆಯಲ್ಲ. ಆದ್ದರಿಂದ ದೊಡ್ಡವರು ಮೂವರೂ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಹವೆಯ ಮಾತಾಡುತ್ತಿದ್ದಾರೆ. ಹೆನ್ನಾ ಇನ್ಸುಲಿನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಾಳೆ. ಇರ್ಮೆಲಿ ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿಯುತ್ತಾರೆ.

ಬಾಗಿಲು ತೆರೆಯುತ್ತದೆ. ತನಗಿಂತ ಅಗಲದ ರಟ್ಟನ್ನು ಎಳೆದುಕೊಂಡು ವಿಯೆನಾ ಒಳಬಂದು, ಅದನ್ನು ಈ ಬದಿ ಆ ಬದಿ ತಿರುಗಿಸಿ ತೋರಿಸುತ್ತಾಳೆ.

"ಅಜ್ಜೀ, ಒಂದು ಚುಕ್ಕೆನೂ ಬಿದ್ದಿಲ್ಲ. ಈಗಲಾದ್ರೂ ನಾನಿದ್ರಲ್ಲಿ ಕುದುರೆ ಬಿಡಿಸ್ಲಾ?"