ಇಮಾಮ್ ಕಾಕಾನ ಚಪ್ಪಲಿ ಬಚ್ಚಿಟ್ಟ ರವಿವಾರ

ಆಗೆಲ್ಲ ಮರಾಠಿ ಸೀಮೆಯ ಧನಕವಡಿಯಲ್ಲಿ, ಒತ್ತೊತ್ತು ಮನೆಗಳ ನಮ್ಮ ಚಾಳಿನಲ್ಲಿ, ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ರವಿವಾರ ಸಂಜೆಯಾದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಒಗ್ಗರಣೆ ಹಾಕಿದ ಚುರುಮುರಿಯ ಘಮ, ಎದುರಿಗೆ ಹಿಂದಿ ಸಿನಿಮಾ.

ಎಲ್ಲ ಸಿನಿಮಾಗಳೂ ಮುಂಬೈಯಲ್ಲೇ ನಡೆಯುತ್ತಿದ್ದವು. ಆ ಮುಂಬೈಯಲ್ಲಿ ಯಾರು ಯಾವ ದೇವರ ಕಡೆಯವರೆಂದು ನೋಡಿದ ಕೂಡಲೇ ತಿಳಿಯಬೇಕು. ನಾಯಕನ ತಾಯಿಯ ಕೈಯಿಂದ ಪೂಜೆಯ ತಟ್ಟೆ ಇಳಿಯುತ್ತಲೇ ಇರಲಿಲ್ಲ. ನಾಯಕ ಗುಡಿಯ ಮೆಟ್ಟಿಲ ಕೆಳಗೇ ನಿಂತು ದೇವರ ಮೇಲೆ ಸಿಟ್ಟು ಮಾಡುವವನು. ಅವನ ಗೆಳೆಯ ಒಬ್ಬ ಚಾಚಾ: ಕಣ್ಣಿಗೆ ಸುರ್ಮಾ, ಕೈಯಲ್ಲಿ ಜಪಮಣಿ, ಮಾತಿಗೊಮ್ಮೆ ಖುದಾನ ಹೆಸರು. ಕೊನೆಗೆ ನಾಯಕನತ್ತ ಬಂದ ಗುಂಡಿಗೆ ಈ ಚಾಚಾ ಎದೆಯೊಡ್ಡಬೇಕು. ಅವನು ಸಾಯದೆ ಸಿನಿಮಾ ಮುಗಿಯುತ್ತಿರಲಿಲ್ಲ.

ಇದನ್ನೆಲ್ಲ ನಮ್ಮ ಜೊತೆ ಕೂತು ನೋಡುತ್ತಿದ್ದವರು ಕೆಳಗಿನ ಮನೆಯ ಇಮಾಮ್ ಕಾಕಾ. ಹುಬ್ಬಳ್ಳಿಯವರು. ಅಪ್ಪನ ಜೊತೆ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ. ಸುರ್ಮಾ ಇಲ್ಲ, ಜಪಮಣಿ ಇಲ್ಲ, ಟೋಪಿ ರಂಜಾನ್ ಹಬ್ಬಕ್ಕಷ್ಟೇ. ನಮ್ಮಪ್ಪನೂ ದೇವರ ಮುಂದೆ ನಿಲ್ಲುತ್ತಿದ್ದದ್ದು ಚೌತಿಗೊಮ್ಮೆ, ಅದೂ ಅವ್ವ ಬೈದ ಮೇಲೆ. ಇಬ್ಬರಿಗೂ ನಿಜವಾದ ಭಕ್ತಿ ಇದ್ದದ್ದು ಚಹಾದ ಮೇಲೆ.

ಒಂದು ಮಳೆಗಾಲದ ರವಿವಾರ ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮಳೆ ನೋಡಲು ಲೋಣಾವಳೆಯ ಘಟ್ಟಕ್ಕೆ ಹೊರಡುವವರಿದ್ದರು. ಹಿಂದಿನ ವಾರದ ಸಿನಿಮಾದಲ್ಲೂ ಗೆಳೆಯರಿಬ್ಬರು ಹೀಗೇ ಒಂದು ಗಾಡಿ ಹತ್ತಿದ್ದರು, ಚಾಚಾ ತಿರುಗಿ ಬಂದಿರಲಿಲ್ಲ. ಕಾಕಾ ಚಹಾ ಕುಡಿಯುತ್ತಿದ್ದಾಗ ಅವರ ಚಪ್ಪಲಿ ಎತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಅದು ಅವ್ವನ ಕೈಗೇ ಸಿಕ್ಕಿತು.

"ಅಕ್ಕಿ ಹತ್ತರ ಚಪ್ಪಲಿ ಇಟ್ಟೀಯಲ್ಲ, ಏನಾಗೇದ ನಿನಗ?" ಎಂದು ಗದರಿದಳು.

ನಾನು ಅಳುತ್ತಲೇ ಹೇಳಿದೆ: "ಕಾಕಾ, ನೀವು ಅಪ್ಪನ ಜೋಡಿ ಹೋಗಬ್ಯಾಡ್ರಿ. ಸಿನಿಮಾದಾಗ ಹೀರೋನ ಸಲುವಾಗಿ ನಿಮ್ಮಂಥವ್ರ ಸಾಯ್ತಾರ."

ನಗಲು ಹೋದ ಅಪ್ಪ ತಡೆದುಕೊಂಡ. ಕಾಕಾ ನೆಲಕ್ಕೆ ಕೂತು ನನ್ನ ಕಣ್ಣೊರೆಸಿದರು.

"ನಿಮ್ಮಪ್ಪ ಎಲ್ಲೀ ಹೀರೋ, ತಂಗಿ? ಫೋರ್‌ಮನ್ ಬೈದ್ರ ನಡಗತಾನ. ಇವಗ ಗುಂಡ ಹೊಡಿಯವರಾದ್ರೂ ಯಾರು?"

"ಮತ್ತ ನೀವು?"

"ನಾ ನಿನಗ ಶೇಂಗಾ ಚಿಕ್ಕಿ ತರಾಂವ."

ಸಂಜೆ ಇಬ್ಬರೂ ತೊಯ್ದು ತೊಪ್ಪೆಯಾಗಿ ಬಂದರು. ಕಾಕಾನ ಅಂಗಿಯೊಳಗಿದ್ದ ಚಿಕ್ಕಿ ಪೊಟ್ಟಣ ಮಾತ್ರ ತೊಯ್ದಿರಲಿಲ್ಲ. ಅಂದಿನಿಂದ ಟಿವಿಯಲ್ಲಿ ಚಾಚಾ ಸಾಯುವ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, ನಾನಿನ್ನೂ ಇದ್ದೇನೆ ಎಂಬಂತೆ ಹುಬ್ಬು ಹಾರಿಸುತ್ತಿದ್ದರು.

ಮೊನ್ನೆ ಕಾಕಾ ನನ್ನ ಮನೆಗೆ ಬಂದಿದ್ದರು. ಗೋಡೆಯ ದೊಡ್ಡ ಟಿವಿಯಲ್ಲಿ ಹೊಸ ಸಿನಿಮಾ. ಅದೇ ಮುಂಬೈ, ಅದೇ ಸುರ್ಮಾ, ಅದೇ ಜಪಮಣಿ. ಬಂದೂಕು ಮಾತ್ರ ಈಗ ಆ ಚಾಚಾನ ಕೈಗೇ ಬಂದಿತ್ತು. ನಾಯಕ ಅವನನ್ನು ಕೊಂದಾಗ ನನ್ನ ಮಗಳು ಚಪ್ಪಾಳೆ ತಟ್ಟಿದಳು. ಕಾಕಾ ನನ್ನ ಕಡೆ ತಿರುಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, "ಬರ್ತೀನವಾ" ಎಂದು ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡರು.

ಆಗಿನ ಸಿನಿಮಾಗಳೂ ಸುಳ್ಳೇ ಹೇಳುತ್ತಿದ್ದವು. ಆದರೆ ಚಾಚಾ ಸತ್ತರೆ ನಮ್ಮ ಚಾಳಿಗೆ ಚಾಳೇ ಅಳುತ್ತಿತ್ತು.