ತಪ್ಪಿಲ್ಲದ ಹನ್ನೊಂದು ಕಾಗದಗಳು

೧೯೪೮ರ ಫೆಬ್ರವರಿ ೨೪, ಮಂಗಳವಾರ. ಚಳಿಗಾಲ ಮುಗಿಯುವ ಸೂಚನೆಯಿರಲಿಲ್ಲ. ಮೂಡಣ ಗಾಳಿಗೆ, ಡಚ್ಚರ ನಾಡಿನ ಉತ್ತರದಲ್ಲಿರುವ ನಮ್ಮ ಡೊಕ್ಕುಮ್ ಕಡೆಯ ಕಾಲುವೆಗಳೆಲ್ಲ ಹೆಪ್ಪುಗಟ್ಟಿದ್ದವು. ಶಾಲೆ ಬಿಟ್ಟ ಮೇಲೆ, ನಾಲ್ಕೂಕಾಲಿಗೆ, ಊರಿನ ಹುಡುಗಿ ಯೆಲ್ಚೆ ಹನ್ನೊಂದು ಕಾಗದಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

ಬರೆದವನು ಸೀಬ್ರೆನ್ ಹೂಕ್ಸ್ಮಾ: ನನ್ನ ಹಳೆಯ ಶಿಷ್ಯ, ಅವಳನ್ನು ಮದುವೆಯಾಗಬೇಕಿದ್ದವನು, ಸೈನ್ಯದ ಕರೆಯ ಮೇಲೆ ೧೯೪೭ರ ಮೇ ೬ರಂದು ಡಚ್ ವಸಾಹತು ಜಾವಾದ ಯುದ್ಧಕ್ಕೆ ಹಡಗು ಹತ್ತಿದವನು. ಇಬ್ಬರೂ ಒಂದೇ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಅವನಾಡುತ್ತಿದ್ದ ಮಾತಿಗೆ ಅವಳು ನಕ್ಕರೆ ರಸ್ತೆಗೆ ಕೇಳುತ್ತಿತ್ತು. ಆ ಮಾತು ನಮ್ಮ ಸೀಮೆಯ ಭಾಷೆ, ಫ್ರಿಸಿಯನ್. ಮನೆಗೆ, ಕೊಟ್ಟಿಗೆಗೆ, ಸಂತೆಗೆ ಅದು. ಶಾಲೆಗೆ, ಚರ್ಚಿಗೆ, ಕಾಗದಕ್ಕೆ ಡಚ್. ಫ್ರಿಸಿಯನ್ನಿನಲ್ಲಿ ಒಂದು ಸಾಲು ಬರೆಯುವುದನ್ನೂ ನಾನು ಯಾರಿಗೂ ಕಲಿಸಲಿಲ್ಲ; ತರಗತಿಯಲ್ಲಿ ಅದನ್ನಾಡಿದವರನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ. ಸೀಬ್ರೆನ್ ನಿಂತಷ್ಟು ಬೇರೆ ಯಾರೂ ನಿಂತಿಲ್ಲ.

"ಓದಿ ಹೇಳಿ ಮೇಷ್ಟ್ರೇ, ಇವ್ನಿಗೆ ನಾನಿನ್ನೂ ಬೇಕಾ ಅಂತ."

ಓದಿದೆ. 'ಮಾನ್ಯ ಕುಮಾರಿಯವರೇ, ನಾನು ಕ್ಷೇಮವಾಗಿರುವೆನೆಂದು ಈ ಮೂಲಕ ತಿಳಿಯಪಡಿಸುತ್ತೇನೆ. ತಾವೂ ಕ್ಷೇಮವೆಂದು ಭಾವಿಸುತ್ತೇನೆ. ಇಲ್ಲಿ ಮಳೆ ಅಧಿಕ.' ಹನ್ನೊಂದೂ ನಾನು ಆರನೆಯ ತರಗತಿಯಲ್ಲಿ ಕಲಿಸಿದ ಮಾದರಿಯಂತೆಯೇ ಇದ್ದವು.

"ಒಂದೂ ತಪ್ಪಿಲ್ಲ," ಎಂದೆ. ನನಗೆ ಹೆಮ್ಮೆಯಾಗಿತ್ತು.

"ಅದು ನಂಗೂ ಕಾಣುತ್ತೆ. ಬೇರೇನಾದ್ರೂ ಇದ್ಯಾ? ತೆರಿಗೆ ಆಫೀಸಿನೋರು ಇದಕ್ಕಿಂತ ಪ್ರೀತಿಯಿಂದ ಬರೀತಾರೆ! 'ಲೇ ಮಂಗೀ' ಅಂತಿದ್ದೋನಿಗೆ ಈಗ ನಾನು ಮಾನ್ಯ ಕುಮಾರಿಯಂತೆ." ಆಮೇಲೆ ಕೇಳಿದಳು: "ನಮ್ ಮಾತಲ್ಲೇ ಬರಿ ಅಂತ ತಿಳಿಸ್ಲಾ?"

"ಕೊಟ್ಟಿಗೆ ಮಾತು ಕೊಟ್ಟಿಗೇಲೇ ಇರ್ಲಿ ಕಣಮ್ಮ. ಕಾಗದಕ್ಕೊಂದು ಮರ್ಯಾದೆ ಇದೆ."

"ಹಾಗಾದ್ರೆ ಮರ್ಯಾದೇನೇ ಕಟ್ಕೊಳ್ಲಿ ಅವ್ನು," ಎಂದು ಕಾಗದಗಳನ್ನು ಬಾಚಿಕೊಂಡು ಎದ್ದಳು.

ಅದೇ ವರ್ಷ ಸೆಪ್ಟೆಂಬರ್ ೯ರಂದು ಪಕ್ಕದೂರು ಕೊಲ್ಲುಮ್‌ನ ಬ್ರೆಡ್ಡಿನಂಗಡಿಯವನನ್ನು ಮದುವೆಯಾದಳು.

ಸೀಬ್ರೆನ್ ಮರಳಿದ್ದು ೧೯೫೦ರ ಜೂನ್ ೧೨ರಂದು. ಮರುದಿನ ತರಗತಿಯ ಬಾಗಿಲಿಗೆ ಬಂದು ನಿಂತ.

"ಮೇಷ್ಟ್ರೇ, ನನ್ ಕಾಗದ ನಿಮ್ಗೆ ತೋರಿಸಿದ್ಲಂತೆ. ಏನಂದ್ರಿ?"

"ತಪ್ಪಿಲ್ಲ ಅಂದೆ."

"ಒಂದೊಂದಕ್ಕೂ ನಾಲ್ಕ್ ನಾಲ್ಕ್ ದಿನ ಕೂತಿದ್ದೆ. ಬಾಯಲ್ಲಿದ್ದದ್ದು ಕೈಗೆ ಬರ್ಲಿಲ್ಲ. ನಾನೆಂಥೋನು ಅಂತ ನಿಮ್ಗೆ ಗೊತ್ತಿತ್ತಲ್ಲ? ಒಂದ್ ಮಾತು ಹೇಳ್ಬಾರ್ದಿತ್ತಾ ಅವಳಿಗೆ?"

ನಾನು ಡಚ್‌ನಲ್ಲಿ ಏನೋ ಹೇಳಲು ಆರಂಭಿಸಿದೆ. ಅವನು ಪೂರ್ತಿ ಕೇಳದೆ ಹೊರಟುಹೋದ.

೧೯೫೧ರ ಮಾರ್ಚ್ ೧೯ರಂದು ಸೀಬ್ರೆನ್ ಕೆನಡಾಕ್ಕೆ ತೆರಳಿದ. ನಾನು ೧೯೫೪ರಲ್ಲಿ ನಿವೃತ್ತನಾದೆ. ಎರಡು ವರ್ಷಗಳ ನಂತರ ನಮ್ಮ ಶಾಲೆಯಲ್ಲಿ ಫ್ರಿಸಿಯನ್ ಬರೆಯಲು ಕಲಿಸತೊಡಗಿದರು. ಸೀಬ್ರೆನ್ ಮದುವೆಯಾಗಲಿಲ್ಲ. ಕೆನಡಾದಿಂದ ತಾಯಿಗೂ ಒಂದು ಕಾಗದ ಬರೆಯಲಿಲ್ಲ. ೧೯೬೬ರ ನವೆಂಬರ್ ೩ರಂದು ಅಲ್ಲಿಯೇ ತೀರಿಕೊಂಡ.